ಐವತ್ತಕ್ಕೆ ಎಷ್ಟು?

ಆಫೀಸಿನ ಗೆಳೆಯನೊಬ್ಬ ಬಿಯರ್ ಜಡ್ಜ್ ಆಗುವ ಪರೀಕ್ಷೆಗೆ ಓದ್ತಿದಾನೆ. ನಗಬೇಡಿ, ಅಂಥದ್ದೊಂದು ಪರೀಕ್ಷೆ ನಿಜವಾಗಿಯೂ ಇದೆ. ಅಮೆರಿಕದಲ್ಲಿ 1985ರಲ್ಲಿ ಶುರುವಾದ ಬಿಯರ್ ಜಡ್ಜ್ ಸರ್ಟಿಫಿಕೇಷನ್ ಪ್ರೋಗ್ರಾಂನವರು ಅದನ್ನು ನಡೆಸ್ತಾರೆ. ಅವನ ಅಭ್ಯಾಸಕ್ಕೆ ಅಂತ ಒಂದು ಶನಿವಾರ ನಾವು ನಾಲ್ಕು ಜನ ಅವನ ಮನೆಯಲ್ಲಿ ಸೇರಿದ್ವಿ. ಪ್ರತಿಯೊಬ್ಬರ ಮುಂದೆ ಆರು ಪುಟ್ಟ ಗ್ಲಾಸು, ಒಂದು ಪೆನ್ಸಿಲ್ಲು, ಒಂದು ಅಂಕಪಟ್ಟಿ. ಪರಿಮಳಕ್ಕೆ 12, ನೋಟಕ್ಕೆ 3, ರುಚಿಗೆ 20, ಬಾಯಲ್ಲಿ ಕೂರುವ ರೀತಿಗೆ 5, ಒಟ್ಟಾರೆ ಅನಿಸಿದ್ದಕ್ಕೆ 10. ಎಲ್ಲಾ ಸೇರಿ ಐವತ್ತು.

ಐದನೇ ಗ್ಲಾಸಿನಲ್ಲಿದ್ದದ್ದು ನೇರಳೆ ಹಣ್ಣು ಹಾಕಿದ ಹುಳಿ ಬಿಯರ್. ಎಂಟು ಪರ್ಸೆಂಟ್ ಆಲ್ಕೋಹಾಲ್, ಅಂದ್ರೆ ಮಾಮೂಲಿ ಲೈಟ್ ಬಿಯರಿನ ಹತ್ತಿರಹತ್ತಿರ ಎರಡರಷ್ಟು. ಬಣ್ಣ ನೇರಳೆ ತಿಂದ ನಾಲಿಗೆಯದ್ದೇ. ಮೂಗಿನ ಹತ್ತಿರ ತಂದೆ ನೋಡಿ, ಅಲ್ಲೇ ಸಿಕ್ಕಿಹಾಕಿಕೊಂಡೆ. ಪಕ್ಕದವಳು ಸರಸರ ಅಂತ ಇಂಗ್ಲಿಷಿನಲ್ಲಿ ನಾಲ್ಕು ಸಾಲು ಬರೆದಾಗಿತ್ತು. ನನಗೆ ಮಾತ್ರ ಆ ಗ್ಲಾಸಿನಿಂದ ಬರ್ತಿದ್ದದ್ದು ಅರಸೀಕೆರೆ ಹತ್ತಿರದ ಸೋದರಮಾವನ ತೋಟದ ವಾಸನೆ. ಬೇಲಿಯ ಈಚಲು ಮರದ ಬುಡದಲ್ಲಿ ಬಿದ್ದು ಕೊಳೆತ ಹಣ್ಣು, ಒದ್ದೆ ಮಡಕೆ, ಹುಳಿಗೆ ತಿರುಗಿದ ಏನೋ ಒಂದು. ಇದಕ್ಕೆ ಹನ್ನೆರಡಕ್ಕೆ ಎಷ್ಟು ಅಂಕ ಕೊಡೋದು?

ಹುಳಿ ಬಿಯರ್ ಅಂದ್ರೆ ಕೆಟ್ಟುಹೋದ ಬಿಯರ್ ಅಲ್ಲ, ಬೇಕು ಅಂತಲೇ ಹುಳಿ ಬರಿಸಿದ್ದು. ಮೊಳಕೆ ಬರಿಸಿ ಒಣಗಿಸಿದ ಬಾರ್ಲಿಯ ಸಿಹಿನೀರನ್ನು ಕುದಿಸಿ, ಸುಮಾರು ನಲವತ್ತು ಡಿಗ್ರಿಗೆ ಆರಿಸಿ, ಮೊಸರಿನಲ್ಲಿರುವಂಥದ್ದೇ ಲ್ಯಾಕ್ಟೋಬ್ಯಾಸಿಲಸ್ ಬ್ಯಾಕ್ಟೀರಿಯಾ ಬಿಡ್ತಾರೆ. ಒಂದೆರಡು ದಿನದಲ್ಲಿ ಅದು ಮಜ್ಜಿಗೆಗಿಂತ ಹುಳಿಯಾಗುತ್ತೆ. ಮತ್ತೆ ಕುದಿಸಿ ಬ್ಯಾಕ್ಟೀರಿಯಾ ಸಾಯಿಸಿ, ಆಮೇಲೆ ಯೀಸ್ಟು, ಅದು ಕೆಲಸ ಮಾಡಿ ಸುಸ್ತಾಗುವ ಹೊತ್ತಿಗೆ ಹಣ್ಣು. ಕಷ್ಟ ಇರೋದು ‘ಸ್ಟ್ರಾಂಗ್’ ಅನ್ನೋ ಪದದಲ್ಲಿ. ಹುಳಿಯೂ ಉರಿಯುತ್ತೆ, ಆಲ್ಕೋಹಾಲೂ ಉರಿಯುತ್ತೆ. ಎರಡೂ ಒಟ್ಟಿಗೆ ಗಂಟಲಿಗೆ ಬಂದ್ರೆ ಕೆಮ್ಮಿನ ಔಷಧಿ ಕುಡಿದ ಹಾಗೆ. ಹಣ್ಣಿನ ಸಿಹಿಯಿಂದ ಅದನ್ನು ಮುಚ್ಚೋಕೆ ಹೋದ್ರೆ ಜಾಮ್ ಆಗುತ್ತೆ. ಒಳ್ಳೆಯದರಲ್ಲಿ ಹುಳಿ ಮೊದಲು ಬಂದು ಹಣ್ಣಿಗೆ ದಾರಿ ಬಿಡುತ್ತೆ, ಬೆಚ್ಚಗಿನದ್ದು ಹೊಟ್ಟೆಗೆ ಇಳಿದ ಮೇಲೆ ತಿಳಿಯುತ್ತೆ, ಕೊನೆಗೆ ಬಾಯಿ ಒಣಗಿ ಇನ್ನೊಂದು ಗುಟುಕು ಕೇಳುತ್ತೆ.

ಅಂಕಪಟ್ಟಿಯ ಜೊತೆ ದೋಷಗಳ ಒಂದು ಪಟ್ಟಿಯೂ ಇತ್ತು, ಎಲ್ಲಾ ರಾಸಾಯನಿಕ ಹೆಸರುಗಳು. ನಾನು ಅಂಚಿನಲ್ಲಿ ಕನ್ನಡ ಬರೀತಾ ಹೋದೆ. ಹಳೇ ತುಪ್ಪದ ವಾಸನೆಗೆ ಕಮಟು. ಹಿತ್ತಾಳೆ ಚೊಂಬಿನಲ್ಲಿ ಮಜ್ಜಿಗೆ ಇಟ್ಟ ರುಚಿಗೆ ಕಿಲುಬು. ಒದ್ದೆ ಗೋಣಿಚೀಲದ್ದು ಮುಗ್ಗಲು. ಕಾಯಿ ಬಾಳೆಯದ್ದು ಒಗರು, ಅದೇ ಅತಿಯಾಗಿ ಮುಖ ಕಿವುಚಿಸಿದ್ರೆ ಕನರು. ಇನ್ನು ಒಳ್ಳೆಯದಕ್ಕೆ, ಅವರೆಕಾಯಿಗೆ ಹೇಳ್ತೀವಲ್ಲ, ಸೊಗಡು. ಈ ಸೊಗಡಿಗೆ ಸಮನಾದ ಒಂದು ಪದ ಆ ಹಾಳೆಯಲ್ಲಿ ಎಲ್ಲೂ ಸಿಗಲಿಲ್ಲ. ಇಷ್ಟು ಪದಗಳು ನನಗೆ ಹೇಗೆ ಗೊತ್ತು ಅಂತ ನನಗೇ ಆಶ್ಚರ್ಯ ಆಯ್ತು. ನಮ್ಮ ಮನೆಯಲ್ಲಿ ಯಾರೂ ಕುಡಿಯೋರಲ್ಲ. ಇವೆಲ್ಲಾ ಅಡುಗೆಮನೆಯಲ್ಲಿ ಅಮ್ಮನ ಬಾಯಿಂದ ಕೇಳಿದ ಪದಗಳು.

ಉಳಿದಿದ್ದ ಎರಡು ಕ್ಯಾನ್ ಬ್ಯಾಗಿಗೆ ಹಾಕಿಕೊಂಡು ಮುಂದಿನ ವಾರ ಅರಸೀಕೆರೆ ರೈಲು ಹತ್ತಿದೆ.

ತಿಪಟೂರು ದಾಟಿದ ಮೇಲೆ ಕಿಟಕಿಯ ಎರಡೂ ಕಡೆ ತೆಂಗೇ ತೆಂಗು. ಆದ್ರೆ ಈ ಸೀಮೆಯ ತೆಂಗು ಹೆಂಡಕ್ಕಲ್ಲ, ಕೊಬ್ಬರಿಗೆ. ಕಾಯನ್ನು ಹತ್ತು ಹನ್ನೊಂದು ತಿಂಗಳು ಅಟ್ಟದ ಮೇಲೆ ಒಣಗಲು ಬಿಟ್ಟು, ಒಳಗೆ ಉಂಡೆ ಬಿಟ್ಟಿದೆಯಾ ಅಂತ ಕಿವಿಯ ಹತ್ತಿರ ಕುಲುಕಿ ನೋಡ್ತಾರೆ. ಮಾವ ಇದನ್ನು ಕಣ್ಣು ಮುಚ್ಚಿಕೊಂಡು ಹೇಳಬಲ್ಲ. ಹೆಂಡ ಅಂದ್ರೆ ಇಲ್ಲಿ ಈಚಲಿನದ್ದು, ಬೇಲಿಯಲ್ಲಿ, ಕೆರೆ ಏರಿಯ ಕೆಳಗೆ, ಹಳ್ಳದ ದಂಡೆಯಲ್ಲಿ ತಾನಾಗಿ ಬೆಳೆಯೋ ಮರದ್ದು. ಅದನ್ನು ಇಳಿಸೋದು ಈಡಿಗರ ಕಸುಬಾಗಿತ್ತು. ಸಂಜೆ ಮರ ಹತ್ತಿ, ಸುಳಿಯ ಕೆಳಗೆ ಕೆತ್ತಿ, ಗಡಿಗೆ ಕಟ್ಟಿ ಬಂದ್ರೆ ಬೆಳಗಿನ ಜಾವ ಇಳಿಸೋದು. ಚಳಿಗಾಲದ್ದು ಶ್ರೇಷ್ಠ ಅಂತ ಲೆಕ್ಕ.

ಮರದಿಂದ ಇಳಿಯುವಾಗ ಅದು ಬರೀ ಸಿಹಿ ನೀರು. ಗಡಿಗೆಗೆ ಸುಣ್ಣ ಬಳಿದಿದ್ರೆ ಸಿಹಿಯಾಗೇ ಉಳಿಯುತ್ತೆ, ಅದೇ ನೀರಾ. ಸುಣ್ಣ ಇಲ್ಲದಿದ್ರೆ ಗಾಳಿಯ, ಹುಳುವಿನ, ಹಳೇ ಗಡಿಗೆಯ ಯೀಸ್ಟೂ ಬ್ಯಾಕ್ಟೀರಿಯಾವೂ ಅಲ್ಲೇ ಕೆಲಸ ಶುರು ಮಾಡ್ತವೆ. ಒಂದು ಕಡೆ ಆಲ್ಕೋಹಾಲ್ ಏರುತ್ತೆ, ಇನ್ನೊಂದು ಕಡೆ ಲ್ಯಾಕ್ಟಿಕ್ ಹುಳಿ. ಬೆಳಗ್ಗೆ ಸಿಹಿ, ಮಧ್ಯಾಹ್ನ ಹುಳಿಸಿಹಿ, ಸಂಜೆಗೆ ಖಡಕ್ಕು, ಮಾರನೇ ದಿನಕ್ಕೆ ವಿನೆಗರ್. ಬೆಂಗಳೂರಿನಲ್ಲಿ ಸ್ಟೀಲ್ ಟ್ಯಾಂಕು, ಥರ್ಮಾಮೀಟರು ಇಟ್ಟುಕೊಂಡು ಎರಡು ಹಂತದಲ್ಲಿ ಮಾಡೋದನ್ನ ಈಚಲು ಮರದ ಗಡಿಗೆ ಒಂದೇ ದಿನದಲ್ಲಿ, ಒಟ್ಟೊಟ್ಟಿಗೆ ಮಾಡ್ತಿತ್ತು. ಅದಕ್ಕೇ ಇಲ್ಲಿ ರುಚಿ ನೋಡೋದು ಅಂದ್ರೆ ಗಡಿಯಾರ ನೋಡಿದ ಹಾಗೆ. ಒಂದು ಗುಟುಕಿನಲ್ಲಿ ಇದು ಯಾವಾಗ ಇಳಿಸಿದ್ದು, ನೀರು ಬೆರೆಸಿದಾರಾ, ನಿನ್ನೆಯದ್ದಕ್ಕೆ ಇವತ್ತಿನದ್ದು ಸುರಿದಿದಾರಾ ಅಂತ ಹೇಳೋ ಮುದುಕರು ಮಾವನ ಅಪ್ಪನ ಕಾಲದಲ್ಲಿ ಊರಿಗೆ ಇಬ್ಬರು ಮೂವರು ಇರ್ತಿದ್ರಂತೆ.

ಮಾರನೇ ದಿನ ಮಾವನ ಬೈಕ್ ತಗೊಂಡು ಜಾವಗಲ್ ಮೇಲೆ ಹಳೇಬೀಡಿಗೆ ಹೋದೆ. ಹೊಯ್ಸಳೇಶ್ವರದಲ್ಲಿ ಶಾಲಾ ಮಕ್ಕಳ ನಾಲ್ಕು ಬಸ್ಸು ಬಂದಿತ್ತು. 2023ರಲ್ಲಿ ಯುನೆಸ್ಕೋ ಪಟ್ಟಿಗೆ ಸೇರಿದ ಮೇಲೆ ಜನ ಇನ್ನೂ ಜಾಸ್ತಿ. ಸ್ವಲ್ಪ ದೂರದ ಪಾರ್ಶ್ವನಾಥ ಬಸದಿಯಲ್ಲಿ ಮಾತ್ರ ನಾನೊಬ್ಬನೇ. ವಿಷ್ಣುವರ್ಧನನ ದಂಡನಾಯಕ ಗಂಗರಾಜನ ಮಗ ಬೊಪ್ಪ 1133ರಲ್ಲಿ ಕಟ್ಟಿಸಿದ್ದು. ಕಡೆದು ನುಣುಪು ಮಾಡಿದ ಆ ಕರೀ ಕಂಬಗಳಲ್ಲಿ ಮುಖ ನೋಡಿಕೊಳ್ಳಬಹುದು. ಜೈನ ಗೃಹಸ್ಥನ ಮೊದಲ ಪಾಠವೇ ಮದ್ಯ, ಮಾಂಸ, ಮಧು ಬಿಡೋದು. ಜೇನುತುಪ್ಪಕ್ಕೇ ಜಾಗ ಇಲ್ಲ ಅಂದ ಮೇಲೆ ಹೆಂಡದ ಮಾತೆಲ್ಲಿ.

ಆದ್ರೆ ಅದೇ ಹೊತ್ತಿಗೆ, 1130ರ ಆಸುಪಾಸಿನಲ್ಲಿ, ಹೊಯ್ಸಳರು ಯಾರಿಗೆ ಸಾಮಂತರಾಗಿದ್ದರೋ ಆ ಕಲ್ಯಾಣದ ಚಾಲುಕ್ಯರ ದೊರೆ ಮೂರನೇ ಸೋಮೇಶ್ವರ ‘ಮಾನಸೋಲ್ಲಾಸ’ ಮುಗಿಸ್ತಿದ್ದ. ಅರಸನಾದವನು ಹೇಗೆ ಆಳಬೇಕು ಅನ್ನೋದರಿಂದ ಹಿಡಿದು ಏನು ತಿನ್ನಬೇಕು, ಏನು ಕುಡಿಯಬೇಕು ಅನ್ನೋವರೆಗೆ ಎಲ್ಲಾ ಇರುವ ಸಂಸ್ಕೃತ ಗ್ರಂಥ. ಅದರಲ್ಲಿ ದ್ರಾಕ್ಷಿಯದ್ದು, ಕಬ್ಬಿನದ್ದು ಮಾತ್ರ ಅಲ್ಲ, ತಾಳೆ, ತೆಂಗು, ಖರ್ಜೂರದಿಂದ ಮಾಡಿದ ಮದ್ಯಗಳೂ ಇವೆ. ಕಾಡು ಈಚಲು ಖರ್ಜೂರದ ದಾಯಾದಿಯೇ ತಾನೇ. ಒಂದು ಕಡೆ ಮುಟ್ಟಬೇಡ ಅನ್ನೋ ಬಸದಿ, ಇನ್ನೊಂದು ಕಡೆ ಹೀಗೆ ಕುಡಿ ಅನ್ನೋ ಅರಸನ ಪುಸ್ತಕ, ಎರಡಕ್ಕೂ ಮೂರ್ನಾಲ್ಕು ವರ್ಷದ ಅಂತರ. ಪಾನನಿಷೇಧದ ಚರ್ಚೆ ಗಾಂಧಿ ಕಾಲದ್ದು ಅಂದುಕೊಂಡಿದ್ದವನಿಗೆ ಆ ಕಂಬದ ನೆರಳಲ್ಲಿ ಕೂತಾಗ ಅದು ಒಂಬತ್ತು ಶತಮಾನ ಹಳೇದು ಅನ್ನಿಸ್ತು.

ಇನ್ನೂ ಮಜಾ ಇದೆ. ಮಹಾಕಾವ್ಯದಲ್ಲಿ ಇರಲೇಬೇಕಾದ ಹದಿನೆಂಟು ವರ್ಣನೆಗಳಲ್ಲಿ ಮಧುಪಾನವೂ ಒಂದು. ಹಾಗಾಗಿ ಕನ್ನಡದ ಜೈನ ಕವಿಗಳೂ ಕುಡಿತದ ಪಾರ್ಟಿ ಬರೆಯಲೇಬೇಕಾಯ್ತು. ಪಂಪ ಹತ್ತನೇ ಶತಮಾನದಲ್ಲೇ ‘ವಿಕ್ರಮಾರ್ಜುನ ವಿಜಯ’ದ ನಾಲ್ಕನೇ ಆಶ್ವಾಸದಲ್ಲಿ ಅದನ್ನು ಬರೆದ. ಸುಭದ್ರೆಯನ್ನು ನೋಡಿ ನಿದ್ದೆ ಕಳೆದುಕೊಂಡ ಅರ್ಜುನ ದ್ವಾರಾವತಿಯ ಬೀದಿಗಳಲ್ಲಿ ರಾತ್ರಿ ಅಲೀತಾನೆ. ಅಲ್ಲಿ ಸೂಳೆಗೇರಿಯ ಹೆಂಗಸರು ಗಿಳಿ, ಕೋಗಿಲೆ, ಹಂಸದ ಆಕಾರದ ಬಟ್ಟಲುಗಳಲ್ಲಿ ಕುಡೀತಾ ಕೂತಿದಾರೆ, ಗುಟುಕಿನ ನಡುವೆ ನಂಜಿಕೊಳ್ಳಲು ಚಕ್ಕಣ. ಇವತ್ತು ನಾವು ‘ಸೈಡ್ಸ್’ ಅಂತೀವಲ್ಲ, ಅದಕ್ಕೆ ಸಾವಿರ ವರ್ಷದ ಹಿಂದೆ ಕನ್ನಡದಲ್ಲೇ ಪದ ಇತ್ತು, ನಾವೇ ಕಳೆದುಕೊಂಡ್ವಿ. ಮುಂದೆ ಹೊಯ್ಸಳರು ತಮ್ಮನ್ನು ತಾವು ದ್ವಾರಾವತೀಪುರವರಾಧೀಶ್ವರ ಅಂತ ಶಾಸನಗಳಲ್ಲಿ ಕರೆದುಕೊಂಡರು. ಪಂಪನ ಆ ರಾತ್ರಿಯ ನೆನಪಿಗಲ್ಲ ಬಿಡಿ, ಯಾದವ ಕುಲದವರು ಅಂತ ಹೇಳಿಕೊಳ್ಳೋಕೆ.

ಮದ್ಯ ಬಿಡು ಅನ್ನೋ ಧರ್ಮದ ಪಂಪ ಒಂದು ಕಡೆ. ಇನ್ನೊಂದು ಕಡೆ 1930ರ ದಶಕದಲ್ಲಿ ‘ಎಂಡ್ಕುಡ್ಕ ರತ್ನ’ನನ್ನು ಹುಟ್ಟಿಸಿದ ಜಿ.ಪಿ. ರಾಜರತ್ನಂ. ಅವರೂ ಹೆಂಡ ಮುಟ್ಟಿದವರಲ್ಲ. ಕಲ್ಯಾಣದಲ್ಲಿ ಹೆಂಡ ಮಾರ್ತಾನೇ ಶರಣನಾದ ಹೆಂಡದ ಮಾರಯ್ಯ ತನ್ನ ವಚನಗಳಲ್ಲಿ ಗಡಿಗೆ, ಹೆಂಡ, ಅಮಲು ಎಲ್ಲವನ್ನೂ ಬೇರೆ ಅರ್ಥಕ್ಕೆ ತಿರುಗಿಸಿಬಿಟ್ಟ. ಕನ್ನಡದಲ್ಲಿ ಕುಡಿತದ ಬಗ್ಗೆ ಚೆನ್ನಾಗಿ ಬರೆದವರ ಸಾಲಿನಲ್ಲಿ ಗ್ಲಾಸು ಹಿಡಿದವರನ್ನ ಹುಡುಕಬೇಕು.

ಹಳೇಬೀಡಿನಿಂದ ಬೇಲೂರು ಹದಿನಾರು ಕಿಲೋಮೀಟರ್. 1117ರಲ್ಲಿ ಪ್ರತಿಷ್ಠೆಯಾದ ಚೆನ್ನಕೇಶವ ಗುಡಿಯ ಹೊರಗೋಡೆಯ ಮದನಿಕೆಗಳನ್ನು ತೋರಿಸುವಾಗ ಗೈಡುಗಳು ತಪ್ಪದೆ ಒಂದು ಕಡೆ ನಿಲ್ತಾರೆ. ಮದನಿಕೆಯ ಮೇಲಿನ ಬಳ್ಳಿಯಲ್ಲಿ ಒಂದು ಹಣ್ಣು, ಹಣ್ಣಿನ ಮೇಲೆ ನೊಣ, ನೊಣಕ್ಕೆ ಹೊಂಚು ಹಾಕಿದ ಹಲ್ಲಿ. ‘ಹಣ್ಣು ಎಷ್ಟು ಕಳಿತಿದೆ ಅಂತ ಶಿಲ್ಪಿ ನೊಣ ಕೂರಿಸಿ ತೋರಿಸಿದಾನೆ ಸಾರ್’ ಅಂದ ನಮ್ಮ ಗೈಡು. ಅವನಿಗೆ ಗೊತ್ತೋ ಇಲ್ವೋ, ಹಣ್ಣಿಗೆ ಮುತ್ತುವ ಸಣ್ಣ ನೊಣಗಳೇ ಒಂದು ಹಣ್ಣಿನಿಂದ ಇನ್ನೊಂದಕ್ಕೆ ಯೀಸ್ಟ್ ಹೊತ್ತೊಯ್ಯುವ ಕೂಲಿಗಳು. ಈಚಲು ಗಡಿಗೆಗೆ ಹುದುಗು ತಲುಪಿಸ್ತಿದ್ದವರಲ್ಲಿ ಅವರೂ ಒಬ್ಬರು.

ಇದೆಲ್ಲಾ ಹೋಗಿದ್ದು ಹೇಗೆ ಅನ್ನೋದು ಕಲ್ಲಿನಲ್ಲಿ ಕೆತ್ತಿಲ್ಲ, ಅಬಕಾರಿ ಕಡತದಲ್ಲಿದೆ. ಟಿಪ್ಪು ಪಾನನಿಷೇಧಕ್ಕೆ ಪ್ರಯತ್ನಪಟ್ಟ. ಅವನು ಹೋದ ಮೇಲೆ ಬಂದವರಿಗೆ ನಿಷೇಧಕ್ಕಿಂತ ಕಂದಾಯ ಮುಖ್ಯ ಆಯ್ತು. ಈಚಲು ಮರಕ್ಕೆ ಲೆಕ್ಕ, ಅಂಗಡಿಗೆ ಹರಾಜು. ಹರಾಜಿನಲ್ಲಿ ಹೆಚ್ಚು ಕೂಗಿದವನಿಗೆ ಹಾಕಿದ ದುಡ್ಡು ವಾಪಸ್ ಬರಬೇಕಲ್ಲ? ಹೆಂಡ ಒಂದು ದಿನದಲ್ಲಿ ಕೆಡುತ್ತೆ, ದೂರ ಸಾಗಿಸೋಕೆ ಆಗಲ್ಲ. ಸಾರಾಯಿ ಕೆಡಲ್ಲ, ಪೀಪಾಯಿಗೆ ತುಂಬಿ ಸೀಲ್ ಹೊಡೆದು ತೆರಿಗೆ ಹಾಕಬಹುದು. ಸರ್ಕಾರಕ್ಕೂ ಗುತ್ತಿಗೆದಾರನಿಗೂ ಅದೇ ಸಲೀಸು. ನನ್ನ ಪ್ರಕಾರ ಹೆಂಡ ಸೋತದ್ದು ನೀತಿಯ ಎದುರು ಅಲ್ಲ, ಈ ಅನುಕೂಲದ ಎದುರು.

ಹಾಗಂತ ನಿಷೇಧ ಕೇಳಿದವರನ್ನು ಹಗುರ ಮಾಡಬೇಡಿ. ಅರಸೀಕೆರೆಯಲ್ಲಿ ಕಸ್ತೂರಬಾ ಟ್ರಸ್ಟಿನ ಕೇಂದ್ರ ಇದೆ, ಹಳ್ಳಿ ಹೆಂಗಸರಿಗಾಗಿ ಕೆಲಸ ಮಾಡಿದ ಸಂಸ್ಥೆ. ಅದರ ಜೊತೆ ನಂಟಿದ್ದ ಯಶೋಧರಾ ದಾಸಪ್ಪ ಸ್ವಾತಂತ್ರ್ಯ ಹೋರಾಟಗಾರ್ತಿ, ನಿಜಲಿಂಗಪ್ಪನವರ ಸಂಪುಟದಲ್ಲಿ ಸಚಿವೆ. ಸರ್ಕಾರ ಪಾನನಿಷೇಧ ತೆಗೆಯಲು ಹೊರಟಾಗ ಕುರ್ಚಿ ಬಿಟ್ಟು ಹೊರಗೆ ಬಂದವರು. ಇವತ್ತು ಒಂದು ಕಾರಣಕ್ಕೆ ಖಾತೆ ಬಿಟ್ಟುಕೊಟ್ಟ ಮಂತ್ರಿಯ ಹೆಸರು ಹೇಳಿ ನೋಡೋಣ. 1981ರಲ್ಲಿ ಬೆಂಗಳೂರಿನಲ್ಲಿ ಮೆಥನಾಲ್ ಬೆರೆತ ಕಳ್ಳಭಟ್ಟಿ ಕುಡಿದು ಮುನ್ನೂರಕ್ಕೂ ಹೆಚ್ಚು ಜನ ಸತ್ತರು. ಮೆಥನಾಲಿನ ವಿಷಯದಲ್ಲಿ ಯಾವ ಜಡ್ಜಿನ ನಾಲಿಗೆಯೂ ಕೆಲಸಕ್ಕೆ ಬರಲ್ಲ, ಮಾಮೂಲಿ ಆಲ್ಕೋಹಾಲಿಗೂ ಅದಕ್ಕೂ ಬಾಯಲ್ಲಿ ವ್ಯತ್ಯಾಸ ಸಿಗಲ್ಲ. ಆಮೇಲೆ ಸೇಂದಿಗೂ ಕ್ಲೋರಲ್ ಹೈಡ್ರೇಟ್ ಬೆರೆಸುವ ದಂಧೆ ಶುರುವಾಯ್ತು. ಈ ಶತಮಾನದ ಮೊದಲ ವರ್ಷಗಳಲ್ಲಿ ಕರಾವಳಿ ಬಿಟ್ಟು ನಮ್ಮ ಕಡೆಯ ಸೇಂದಿ ಅಂಗಡಿಗಳು ಮುಚ್ಚಿದವು. 2007ರ ಜುಲೈ 1ಕ್ಕೆ ಸಾರಾಯಿಯೂ ನಿಂತಿತು. ನಡುವೆ, ತೆಂಗಿಗೆ ನುಸಿ ಪೀಡೆ ಬಂದು ಕಾಯಿ ಇಲ್ಲದಾದಾಗ ಹೆಂಡ ಬೇಡ, ನೀರಾ ಇಳಿಸೋಕಾದ್ರೂ ಬಿಡಿ ಅಂತ ಕೇಳಿದ ರೈತರ ಮೇಲೆ 2001ರಲ್ಲಿ ಚನ್ನಪಟ್ಟಣದ ಹತ್ತಿರ ವಿಠಲೇನಹಳ್ಳಿಯಲ್ಲಿ ಗೋಲಿಬಾರ್ ಆಯ್ತು, ಜೀವ ಹೋಯ್ತು. ನೀರಾಕ್ಕೆ ಕಾನೂನು ದಾರಿ ಬಿಟ್ಟದ್ದು 2016ರಲ್ಲಿ. ಅಷ್ಟರಲ್ಲಿ, 2010ರ ಆಚೀಚೆ, ಬೆಂಗಳೂರಿನಲ್ಲಿ ಮೈಕ್ರೋಬ್ರುವರಿಗಳು ಬಂದಾಗಿತ್ತು. ಹುದುಗು ಹಿಡಿಸಿ ಕುಡಿಯೋದು ಒಂದು ಕಲೆ ಅಂತ ನಮಗೆ ಅಲ್ಲಿ ಗೊತ್ತಾಯ್ತು. ಒಂದು ಗ್ಲಾಸಿಗೆ ಕೊಡುವ ದುಡ್ಡಲ್ಲಿ ಹಿಂದೆ ಎಷ್ಟು ಮರದ ಹೆಂಡ ಬರ್ತಿತ್ತು ಅಂತ ಮಾವನನ್ನು ಕೇಳೋಕೆ ಹೋಗಲಿಲ್ಲ.

ರಾತ್ರಿ ಊಟಕ್ಕೆ ಮುಂಚೆ ಹಜಾರದಲ್ಲಿ ಕ್ಯಾನ್ ಒಡೆದೆ. ಸ್ಟೀಲ್ ಲೋಟಕ್ಕೆ ಬಿದ್ದ ಬಣ್ಣ ನೋಡಿ ಮಾವ ‘ಇದೇನ್ ಅಳಿಯ, ರಾಗಿ ಹೊಲಕ್ಕೆ ಹೊಡಿಯೋ ಔಷಧಿ ಥರ ಐತೆ’ ಅಂದ. ಮೂಸಿದ. ಒಂದು ಗುಟುಕು ಬಾಯಲ್ಲಿ ಇಟ್ಟುಕೊಂಡು ಅಂಗಳದ ಕಡೆ ನೋಡ್ತಾ ಕೂತ.

‘ಹುಳಿ ಮೊದ್ಲು ಬರ್ಸವ್ರೆ. ಹಣ್ಣು ಆಮೇಲೆ ಬಿದ್ದೈತೆ. ಎರಡಕ್ಕೂ ಇನ್ನೂ ಸರಿಯಾಗಿ ಪರಿಚಯ ಆಗಿಲ್ಲ.’

ನಾನು ಬಾಯಿ ಬಿಟ್ಟುಕೊಂಡು ಕೂತೆ. ಗೆಳೆಯನ ಮನೆಯಲ್ಲಿ ನಾಲ್ಕು ಜನ ಒಂದು ಗಂಟೆ ಚರ್ಚೆ ಮಾಡಿ ತಲುಪಿದ್ದ ಜಾಗ ಅದು.

ಅಡುಗೆಮನೆ ಬಾಗಿಲಲ್ಲಿ ನಿಂತಿದ್ದ ಅತ್ತೆಗೆ ಈ ಮಾತುಕತೆ ಇಷ್ಟ ಆಗ್ತಿಲ್ಲ ಅಂತ ಮುಖದಲ್ಲೇ ಗೊತ್ತಾಗ್ತಿತ್ತು. ‘ನಿಮ್ಮಿಬ್ಬರಿಗಿಂತ ನಮ್ಮವ್ವಂಗೆ ಚೆನ್ನಾಗಿ ಗೊತ್ತಿತ್ತು ಕಣಪ್ಪ’ ಅಂದರು. ಅವರವ್ವ ಜನ್ಮದಲ್ಲಿ ಒಂದು ತೊಟ್ಟು ಕುಡಿದವರಲ್ಲ.

‘ಅಪ್ಪ ಬೀದಿ ತಿರುವಲ್ಲಿ ಬರ್ತಿದ್ದಂಗೆ ಬಾಗ್ಲಲ್ಲಿ ನಿಂತು ಮೂಸೋಳು. ಬೆಳಗಿನ ಹೆಂಡ ಆದ್ರೆ ಹಣ್ಣು ಹಣ್ಣು ವಾಸ್ನೆ, ಮುದ್ದೆ ಇಕ್ಕೋಳು. ಸಂಜೇದು ಹುಳಿ ಹೊಡೆದ್ರೆ ಬಾಯಿ ಮುಚ್ಕಂಡು ತಟ್ಟೆ ಇಟ್ಟು ಒಳಗೆ ಹೋಗೋಳು. ಸಾರಾಯಿ ಘಾಟು ಬಂತು ಅಂದ್ರೆ ನಮ್ಮನ್ನೆಲ್ಲಾ ಹಿತ್ಲು ಬಾಗ್ಲಿಂದ ಪಕ್ಕದ್ಮನೆಗೆ ಕಳಿಸೋಳು. ಒಂದಿನಾನೂ ತಪ್ಪಲಿಲ್ಲ.’

ಮಾವ ಲೋಟ ಕೆಳಗಿಟ್ಟ. ನನಗೆ ಏನು ಹೇಳಬೇಕೋ ತೋಚಲಿಲ್ಲ, ಸುಮ್ಮನೆ ಇರೋಕೂ ಆಗಲಿಲ್ಲ. ಬ್ಯಾಗಿನಲ್ಲಿದ್ದ ಆ ಅಂಕಪಟ್ಟಿ ತೆಗೆದು, ಐವತ್ತಕ್ಕೆ ಎಷ್ಟು ಕೊಡಬಹುದು ಅತ್ತೆ, ಬರೀ ಮೂಸಿ ಹೇಳಿ ಸಾಕು ಅಂತ ಕೇಳಿದೆ. ಅವರು ಲೋಟ ಎತ್ತಿ ಸೆರಗು ಅಡ್ಡ ಹಿಡಿದೇ ಮೂಸಿದರು. ಒಂದು ಸಲ, ಸ್ವಲ್ಪ ತಡೆದು ಇನ್ನೊಂದು ಸಲ.

‘ಜೋರೈತೆ. ಮೇಲೆ ಹಣ್ಣು ಹಾಕಿ ಮುಚ್ಚವ್ರೆ’ ಅಂದರು. ‘ಅವ್ವ ಆಗಿದ್ರೆ ತಟ್ಟೆ ಇಡ್ತಿದ್ಲು. ಮಕ್ಕಳನ್ನ ಮಾತ್ರ ಮನೇಲಿ ಮಲಗುಸ್ತಿರಲಿಲ್ಲ.’

ಲೋಟದಲ್ಲಿ ಉಳಿದದ್ದನ್ನು ತಗೊಂಡು ಹೋಗಿ ಬಚ್ಚಲಿಗೆ ಸುರಿದು, ಬೂದಿ ಹಾಕಿ ತೊಳೆದು, ಅದೇ ಲೋಟದಲ್ಲಿ ನನಗೆ ಮಜ್ಜಿಗೆ ತಂದುಕೊಟ್ಟರು.